ಮೊದಲ ಸೇರಿಗೆ ಏನನ್ನಬೇಕು

“ನಂಗೆ ಗೊತ್ತಿರೋದೆಲ್ಲ ಪಲ್ಲವಿಗೂ ಕಲಿಸ್ತೀನಿ ಬಿಡ್ರಿ ಅತ್ತೆ” ಎಂದು ವಾರಗಿತ್ತಿ ಮನೆ ತುಂಬಿದ ದಿನವೇ ದಾಕ್ಷಾಯಿಣಿ ಮಾತು ಕೊಟ್ಟಿದ್ದಳು. ಅತ್ತೆ ಈಗಿಲ್ಲ. ಅವರ ಹಿತ್ತಾಳೆ ಸೇರು ಹೊಸದುರ್ಗದ ದಿನಬಳಕೆ ವಸ್ತುಗಳ ಪುಟ್ಟ ಮ್ಯೂಸಿಯಮ್ಮಿನಲ್ಲಿದೆ. ಬರುವ ಭಾನುವಾರ ಅಲ್ಲಿ ‘ಅಳತೆಯ ಹಬ್ಬ’. ಮ್ಯೂಸಿಯಮ್ಮಿನ ಬಾಗಿಲಿಗೆ ಅಂಟಿಸಿದ ಪೋಸ್ಟರಿನಲ್ಲಿ ಆ ಸೇರು ಹಿಡಿದು ನಗುತ್ತಿರುವವಳು ಪಲ್ಲವಿ ಒಬ್ಬಳೇ. ಸುಗ್ಗಿ ಸುಗ್ಗಿಗೂ ಅದರಲ್ಲಿ ರಾಗಿ ಅಳೆದು ಸೊಂಟ ಬೀಳಿಸಿಕೊಂಡವಳು ದಾಕ್ಷಾಯಿಣಿ. ಮ್ಯೂಸಿಯಮ್ಮಿನವರ ಕಣ್ಣಿಗೆ ಬಿದ್ದದ್ದು ಚಿಕ್ಕವಳ ಇಳಕಲ್ ಸೀರೆ.

“ನೋಡಕ್ಕಾ, ಹಿಂಗೇನಾ?” ಅಭ್ಯಾಸಕ್ಕೆಂದು ಪಲ್ಲವಿ ಆ ಬಾಗಿಲ ಮುಂದೆಯೇ ಹಾಕಿದ್ದ ರಾಗಿ ರಾಶಿಯಿಂದ ಅತ್ತೆಯ ಸೇರು ತುಂಬಿ ಮೊರಕ್ಕೆ ಸುರಿದಳು. “ಒಂದು... ಎರಡು... ನಾನು ಒಂದಿನಾನೂ ಅಳೆದೋಳಲ್ಲ. ತಪ್ಪಿದ್ರೆ ಈಗ್ಲೇ ಬೈದ್ಬಿಡು, ಭಾನುವಾರ ಊರೋರ ಮುಂದೆ ನಗೆಪಾಟಲಾಗೋದು ಬ್ಯಾಡ.”

ಮೊದಲ ಸೇರಿಗೆ ಯಾರೂ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅದನ್ನು ಮರೆತವರನ್ನು ಅತ್ತೆ ರಾಶಿ ಮುಂದಿನಿಂದಲೇ ಎಬ್ಬಿಸುತ್ತಿದ್ದರು. ಆ ಪದ ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂತು. ಅವಳು ಪೋಸ್ಟರಿನ ಕಡೆ ಇನ್ನೊಮ್ಮೆ ನೋಡಿದಳು.

“ಸರಿಯಾಗೈತೆ ಕಣೇ,” ಎಂದಳು. “ಹಿಂಗೇ ಜೋರಾಗಿ ಎಣಿಸು, ಹಿಂದೆ ಕುಂತೋರಿಗೂ ಕೇಳ್ಬೇಕು.”

ಅತ್ತೆಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.