ಕತ್ತರಿ ಹಿಡಿಯದ ಡಾಕ್ಟರು

“ಆಪರೇಷನ್ನೇ ಆಗಬೇಕಾ? ಬೇರೆ ದಾರಿಯೂ ಇದೆಯಲ್ಲ,” ಎಂದರು ಡಾಕ್ಟರು, ಬೆಕ್ಕು ತಂದವರಿಗೆ. ಈ ವಾರದಲ್ಲಿ ಇದು ಐದನೇ ಸಲ.

ನರ್ಸಕ್ಕ ಬಾಗಿಲ ಬಳಿ ತುಟಿ ಕಚ್ಚಿ ನಿಂತಳು.

ನಾಲ್ಕು ತಿಂಗಳಿಂದ ಆ ಪುಟ್ಟ ಆಸ್ಪತ್ರೆಯಲ್ಲಿ ಒಂದು ಬೆಕ್ಕಿಗೂ ಸಂತಾನಹರಣದ ಶಸ್ತ್ರಚಿಕಿತ್ಸೆ ಆಗಿರಲಿಲ್ಲ. ಬಂದವರಿಗೆಲ್ಲ ಒಂದೇ ಸಲಹೆ: ಚರ್ಮದಡಿ ಅಕ್ಕಿಕಾಳಿನಷ್ಟು ಮದ್ದು ಇಟ್ಟರಾಯಿತು, ವರ್ಷದ ಮಟ್ಟಿಗೆ ಮರಿಗಳ ಚಿಂತೆಯಿಲ್ಲ. ಹಠ ಹಿಡಿದವರನ್ನು ಆಚೆ ಬೀದಿಯ ಲೇಡಿ ಡಾಕ್ಟರ ಬಳಿ ಕಳಿಸುತ್ತಿದ್ದರು.

ಇಪ್ಪತ್ತೆರಡು ವರ್ಷ ಅವರ ಕೈಗೆ ಕತ್ತರಿ ಎತ್ತಿಕೊಟ್ಟವಳಿಗೆ ಕಾರಣ ಗೊತ್ತಾಗದೇ? ಡಾಕ್ಟರಿಗೆ ಕಣ್ಣು ಕೈಕೊಟ್ಟಿದೆ.

ಶುರುವಾದದ್ದು ಆಪರೇಷನ್ನಿಗೆ ಬಂದ ಒಂದು ಕಂದು ಬೆಕ್ಕಿನಿಂದ. ಅರಿವಳಿಕೆ ಹೆಚ್ಚಾಗಿ ಅದು ಮರುದಿನ ಸಂಜೆಯವರೆಗೆ ಏಳಲೇ ಇಲ್ಲ. “ತಪ್ಪು ನನ್ನದು,” ಎಂದು ಡಾಕ್ಟರೇ ಒಪ್ಪಿಕೊಂಡಿದ್ದರು. ಸಿರಿಂಜಿಗೆ ಮದ್ದು ತುಂಬಿದ್ದು ಅವಳು, ನಿಜ. ಆದರೆ ಚೀಟಿ ಅವರದು. ಅವರು ಬರೆದ ‘3’ ನೋಡಲು ‘8’ರ ಹಾಗಿತ್ತು. ಆಮೇಲೆ ದೀಪಗಳು ಬದಲಾದವು, ಮೊದಲಿಗಿಂತ ದುಪ್ಪಟ್ಟು ಬೆಳಕಿನವು. ಬಾಟಲಿಗಳ ಮೇಲೆ ಅಂಗಡಿ ಬೋರ್ಡಿನಂಥ ದಪ್ಪ ಅಕ್ಷರಗಳು ಬಂದವು. ಈಗೀಗ ಚೀಟಿಯನ್ನು ಅವರೇ ಗಟ್ಟಿಯಾಗಿ ಓದುತ್ತಿದ್ದರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಪಾಪ, ಹೇಳಿಕೊಳ್ಳಲು ನಾಚಿಕೆಯಿರಬೇಕು. ಆದರೂ ಅವಳ ಎದೆಯೊಳಗೆ ಇಲಿಯೊಂದು ಓಡಾಡುತ್ತಲೇ ಇತ್ತು. ನಾಳೆ ಯಾವುದಾದರೂ ಜೀವ ಹೋದರೆ?

“ಡಾಕ್ಟ್ರೇ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ,” ಎಂದು ಹೇಳಿಯೂ ನೋಡಿದ್ದಳು.

“ಇಬ್ರೂ ಹೋಗೋಣ ಅಕ್ಕ. ನೀವು ಯಾವತ್ತು ಅಂತೀರೋ ಅವತ್ತು.”

“ನನಗ್ಯಾಕೆ? ನಾನೇನು ಮುದುಕಿ ಆದ್ನಾ?”

ಡಾಕ್ಟರು ನಕ್ಕು ಮಾತು ತೇಲಿಸಿಬಿಟ್ಟರು.

ಅವತ್ತು ಮಧ್ಯಾಹ್ನ ಟೈಲರಮ್ಮ ಬುಟ್ಟಿ ಅವಚಿಕೊಂಡು ಓಡಿಬಂದಳು. ಒಳಗೆ ಅವಳ ಬಿಳಿ ಬೆಕ್ಕು. ಹೊಟ್ಟೆ ಉಬ್ಬಿತ್ತು, ಕಣ್ಣು ಅರೆಮುಚ್ಚಿತ್ತು. ಮರಿಯಾಗದಿರಲೆಂದು ಯಾರೋ ಹೇಳಿದ ಮಾತ್ರೆಯನ್ನು ತಿಂಗಳುಗಟ್ಟಲೆ ಮೀನಿನಲ್ಲಿಟ್ಟು ತಿನ್ನಿಸಿದ್ದಳಂತೆ. ಗರ್ಭಕೋಶದ ತುಂಬ ಕೀವು.

“ಕತ್ತರಿ ಬೇಡ ಅಂತ ನೀವೇ ಅಂದ್ರಲ್ಲ ಡಾಕ್ಟ್ರೇ!”

ಡಾಕ್ಟರ ಮುಖ ಬಿಳಿಚಿಕೊಂಡಿತು. “ಮಾತ್ರೆ ಕೊಡಿ ಅಂದಿರಲಿಲ್ಲ ತಾಯಿ. ಇರಲಿ, ಈಗ ಬೇರೆ ದಾರಿಯಿಲ್ಲ. ತಕ್ಷಣ ಕೊಯ್ದು ತೆಗೀಬೇಕು.”

ಅವರು ಫೋನ್ ಮಾಡಿದರು. ಐದೇ ನಿಮಿಷದಲ್ಲಿ ಲೇಡಿ ಡಾಕ್ಟರು ಬಂದರು. ನರ್ಸಕ್ಕ ಆಪರೇಷನ್ ಗೌನಿಗೆ ಕೈಚಾಚಿದಳು.

“ನೀವು ಟೈಲರಮ್ಮನ ಜೊತೆ ಇರಿ ಅಕ್ಕ. ಹೇಗೆ ನಡುಗ್ತಿದಾರೆ ನೋಡಿ,” ಎಂದರು ಡಾಕ್ಟರು.

ಬಾಗಿಲು ಮುಚ್ಚಿತು. ಅಲ್ಲಿಗೆ ಖಾತ್ರಿಯಾಯಿತು. ಕತ್ತರಿ ಲೇಡಿ ಡಾಕ್ಟರ ಕೈಗೆ ಹೋಗುವುದನ್ನು ತಾನು ನೋಡಬಾರದೆಂದೇ ಹೊರಗಿಟ್ಟಿದ್ದಾರೆ.

“ಬೆಕ್ಕಲ್ವೇನಮ್ಮಾ, ಎಲ್ಲಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತೆ,” ಎಂದು ಟೈಲರಮ್ಮನ ಬೆನ್ನು ಸವರಿದಳು. ಕೂರಲಾಗಲಿಲ್ಲ. ಎದ್ದಳು. ಬಾಗಿಲ ಗಾಜನ್ನು ಸೆರಗಿನಿಂದ ಉಜ್ಜಿ ಇಣುಕಿದಳು. ಹಾಳು ಗಾಜು, ಎಷ್ಟು ಉಜ್ಜಿದರೂ ಒಳಗಿರುವುದೆಲ್ಲ ಹೊಗೆಯ ಹಾಗೆ. ಮತ್ತೆ ಕೂತಳು, ಮತ್ತೆ ಎದ್ದಳು. ಮುಕ್ಕಾಲು ಗಂಟೆ ಕಳೆಯಿತು. ಇನ್ನು ತಡೆಯಲಾರದೆ ಬಾಗಿಲನ್ನು ಬೆರಳಷ್ಟು ತಳ್ಳಿ ಕಿವಿಯಿಟ್ಟಳು.

“ಬದುಕಿಕೊಳ್ತು ಬಿಡಿ,” ಲೇಡಿ ಡಾಕ್ಟರ ದನಿ. “ಅಬ್ಬಾ, ಕೂದಲಿಗಿಂತ ಸಣ್ಣ ಹೊಲಿಗೆ ಹಾಕಿದ್ರಲ್ಲ ನೀವು! ನಾನು ಬರೀ ಮದ್ದು ಅಳೆದುಕೊಟ್ಟೆ. ಅದಕ್ಕೆ ನರ್ಸಕ್ಕನೇ ಇದ್ರಲ್ಲ?”

“ಶ್, ಮೆಲ್ಲಗೆ. ಅಕ್ಕನ ಕಣ್ಣು ಮಂಜಾಗಿದೆ, ಅವರಾಗಿಯೇ ಹೇಳಲಿ ಅಂತ ಕಾಯ್ತಾ ಇದೀನಿ.”