ಅಧ್ಯಕ್ಷರ ಅಧ್ಯಯನ ಪ್ರವಾಸ

ಊರಿನ ಹಳೇ ಸಂತೆಕಟ್ಟೆ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವ ಕಡತಕ್ಕೆ ಅಧ್ಯಕ್ಷರ ಸಹಿಯೊಂದೇ ಬಾಕಿ. ಅಷ್ಟರಲ್ಲಿ ಪುರಸಭೆಯವರೆಲ್ಲ ಅಧ್ಯಯನ ಪ್ರವಾಸವೆಂದು ಇಂಗ್ಲೆಂಡಿನ ಒಂದು ಪುರಾತನ ಸಂತೆಯೂರಿಗೆ ಬಂದಿಳಿದರು. ಸದಸ್ಯೆ ಶಾವಂತ್ರವ್ವನನ್ನು ಅವಳ ತಾಯಿ ಊರಿನ ಆ ಸಂತೆಕಟ್ಟೆಯ ಮೇಲೆಯೇ ಬದನೆಕಾಯಿ ಮಾರಿ ಸಾಕಿದ್ದಳು. ಹಾಗಾಗಿ ಅವಳು ಅಧ್ಯಕ್ಷ ಚನವೀರಪ್ಪನವರ ಬೆನ್ನು ಬಿಡಲಿಲ್ಲ.

“ನೋಡ್ರಿ ಅಧ್ಯಕ್ಷರ, ಎಂಟುನೂರು ವರ್ಷದ ಸಂತಿ ಅಂತ! ಒಂದು ಕಲ್ಲು ಸೈತ ಕಿತ್ತಿಲ್ಲ ಇವರು.”

ಸವೆದ ಹಾಸುಗಲ್ಲು, ಕಮಾನಿನಡಿ ಕೂತು ಜೇನು ಮಾರುವ ಮುದುಕಿ, ಎಲ್ಲವನ್ನೂ ಅಧ್ಯಕ್ಷರು ಕಣ್ತುಂಬ ನೋಡಿದರು. ಕಂಬವೊಂದನ್ನು ಸವರುತ್ತ ಶಾವಂತ್ರವ್ವನತ್ತ ತಿರುಗಿದರು.

“ತಂಗಿ, ನನ್ನ ಕಣ್ಣು ತೆರಸಿದಿ ನೋಡು. ಇಂಥಾ ಸಂತಿ ಇಲ್ಲದ ಊರು ಒಂದು ಊರಽ ಅಲ್ಲ. ಕಾಂಪ್ಲೆಕ್ಸ್ ರದ್ದು!”

ಶಾವಂತ್ರವ್ವ ನಡುಬೀದಿಯಲ್ಲೇ ಕೈಮುಗಿದಳು. “ನಿಮ್ಮ ಹೊಟ್ಟಿ ತಣ್ಣಗಿರಲಿ, ಯಣ್ಣಾ. ಹಂಗಾರ ಆ ಕೆಡವೂ ಕಡತ ಹರದ ಒಗಿಯೂಣಲ್ಲ?”

“ಏ ಹುಚ್ಚಿ, ಅದಕ್ಕ ಊರಿಗೆ ಹೋದಕೂಡಲೇ ಸಹಿ ಹಾಕತೀನಿ,” ಎಂದರು ಅಧ್ಯಕ್ಷರು. “ನಮ್ಮದನ್ನ ಕೆಡವಲಾರದಽ ಇಂಥಾದ್ದೊಂದು ಹಳೇ ಸಂತಿ ಹೊಸದಾಗಿ ಎಲ್ಲಿ ಕಟ್ಟಸೂದು?”