ಕೊಬ್ಬರಿ ಅಟ್ಟದ ಕೆಳಗೆ

ಒಂದಾನೊಂದು ಕಾಲದಲ್ಲಿ, ಅಂದರೆ ತೊಂಬತ್ತೆಂಟರಲ್ಲಿ, ತುಮಕೂರು, ಗುಬ್ಬಿ, ಕುಣಿಗಲ್ಲಿನ ಮೂರು ಒಡೆದ ರಾಕ್ ಬ್ಯಾಂಡುಗಳ ಜಾಣರೆಲ್ಲ ಸೇರಿ ಒಂದೇ ಬ್ಯಾಂಡಾದರು. ನಾಲ್ಕು ತಿಂಗಳಾದರೂ ಒಂದು ಹಾಡೂ ರೆಕಾರ್ಡ್ ಆಗಲಿಲ್ಲ. ಈ ಸಂಜೆಯೊಳಗೆ ಮುಗಿಸುತ್ತೇವೆಂದು ಹಾಡುಗಾರ್ತಿ ಶಶಿರೇಖಾ ತನ್ನ ಅಜ್ಜಿಗೆ ಮಾತು ಕೊಟ್ಟಿದ್ದಳು. ಇಲ್ಲದಿದ್ದರೆ ಅವರು ಅಭ್ಯಾಸ ಮಾಡುತ್ತಿದ್ದ ಅಜ್ಜಿಯ ಕೋಣೆ ಖಾಲಿ ಮಾಡಬೇಕು.

ಅಂಜನ್ ಡ್ರಮ್ ಬಾರಿಸಿದಾಗಲೆಲ್ಲ ತಲೆಯ ಮೇಲಿನ ಅಟ್ಟದಲ್ಲಿ ಒಣಗಲು ಹಾಕಿದ್ದ ತೆಂಗಿನಕಾಯಿಗಳೊಳಗೆ ಒಣಗಿದ ಕೊಬ್ಬರಿ ಗಡಗಡ ಎನ್ನುತ್ತಿತ್ತು. ಹದಿನೇಳನೇ ಸಲವೂ ನಂಜೇಶ ರೆಕಾರ್ಡರ್ ನಿಲ್ಲಿಸಿದ.

“ಥೂ, ಹಾಳಾಯ್ತು! ಮೆತ್ತಗೆ ಹೊಡಿಯೋ!”

“ಕಾಯಿಗೆ ಹೇಳ್ಲಾ!” ಎಂದ ಅಂಜನ್.

ಬಾಗಿಲಲ್ಲಿದ್ದ ಅಜ್ಜಿ ರೇಗಿದರು: “ನನ್ ಕಾಯಿ ತಾಳ ತಪ್ಪಿಲ್ಲ ಬುಡ್ರೋ. ನೀವೇ ನಡುವೆ ನಿಲ್ಲಿಸ್ತೀರ!”

ಹದಿನೆಂಟನೇ ಸಲ ಶುರುವಾಯಿತು. ಮತ್ತೆ ಗಡಗಡ. ನಂಜೇಶನ ಬೆರಳು ಸ್ಟಾಪ್ ಗುಂಡಿಯತ್ತ ಹೋಯಿತು. ಶಶಿರೇಖಾ ಹಾಡುತ್ತಲೇ ಅದನ್ನು ಅಂಗೈಯಿಂದ ಮುಚ್ಚಿದಳು. ಹಾಡು ಮುಗಿದು, ಕೊನೆಯ ಕಾಯಿಯೂ ಸುಮ್ಮನಾದ ಮೇಲೆ ತಾನೇ ಒತ್ತಿದಳು.